ಲೀಸೆಲಳ ಮೊದಲ ಆಸಾಡಿ

ನಾವುಂದದ ರತ್ನಕ್ಕನ ಗಂಟಲಿಗೆ ಮೈಕೂ ಬೇಡ, ಕರೆಂಟೂ ಬೇಡ. ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟು ಅವಳು "ಬಂಗ್ಡೆ ಬಂತ್ ಹ್ವಾಯ್" ಎಂದು ಒಮ್ಮೆ ಕೂಗಿದರೆ ಬೈಂದೂರಿನ ಬೆಕ್ಕುಗಳು ಎದ್ದು ಮೀಸೆ ಒರೆಸಿಕೊಳ್ಳುತ್ತಿದ್ದವು, ಇತ್ತ ತೆಕ್ಕಟ್ಟೆಯ ಹೆಂಗಸರು ಮಸಾಲೆ ಅರೆಯಲು ಕೂರುತ್ತಿದ್ದರು. ಹಾಗೆ ಮೂವತ್ತೆರಡು ವರ್ಷ ಕೂಗಿ ಕೂಗಿಯೇ ಮಗ ಅನೂಪನನ್ನು ಹಡಗು ಹತ್ತಿಸಿದವಳು. ಸಣ್ಣಪುಟ್ಟ ಹಡಗಲ್ಲ. ಕುಂದಾಪುರ ಪೇಟೆಯನ್ನು ಬುಡಸಮೇತ ಕಿತ್ತು ಒಳಗಿಟ್ಟರೂ ಒಂದು ಸಂತೆ ಸೇರುವಷ್ಟು ಜಾಗ ಉಳಿಯುವಂಥ ಪ್ರವಾಸಿ ಹಡಗು. ಅದರ ಅಡುಗೆಮನೆಯಲ್ಲಿ ಅನೂಪ ದಿನಕ್ಕೆ ಒಂದು ಲಕ್ಷ ಮೊಟ್ಟೆ ಒಡೆಯುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಮೊದಲು ಐದು ಸಾವಿರ ಇತ್ತು. ರತ್ನಕ್ಕನ ಬುಟ್ಟಿಯ ಜೊತೆ ಮನೆಯಿಂದ ಮನೆಗೆ ಹೋಗುತ್ತ ಲಕ್ಷ ಮುಟ್ಟಿತು.

ಆ ಅನೂಪ ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಊರಿಗೆ ಬರುವಾಗ ಒಬ್ಬಳನ್ನು ಜೊತೆಗೆ ಕರೆದುಕೊಂಡು ಬಂದ. ಫಿಲಿಪ್ಪೀನ್ಸ್ ದೇಶದ ಹುಡುಗಿ, ಅದೇ ಹಡಗಿನಲ್ಲಿ ಕೆಲಸಕ್ಕಿದ್ದವಳು, ಹೆಸರು ಲೀಸೆಲ್. ಊರಿಗೆ ಊರೇ ಬೇಲಿಗೆ ಆತು ನಿಂತಿತು. ರತ್ನಕ್ಕ ಏನು ಹೇಳುತ್ತಾಳೋ ಎಂದು ಗಾಳಿ ಕೂಡ ಬೀಸುವುದನ್ನು ಬಿಟ್ಟು ಕಾದಿತ್ತು. ರತ್ನಕ್ಕ ಚಾಪೆ ಹಾಸಿ ಹುಡುಗಿಯನ್ನು ಕೂರಿಸಿದಳು. ಬಾಳೆಲೆ ಹಾಕಿ ಕಾಣೆ ಮೀನಿನ ಸಾರು ಬಡಿಸಿದಳು. ಹುಡುಗಿ ಮೀನಿನ ತಲೆಯನ್ನು ಕೈಗೆತ್ತಿಕೊಂಡು, ಕೆನ್ನೆಯ ಮಾಂಸ ಬಿಡಿಸಿ, ಕಣ್ಣು ಚೀಪಿ, ಮುಳ್ಳನ್ನು ಎಷ್ಟು ಚೊಕ್ಕ ಮಾಡಿ ಎಲೆಯ ಬದಿಗಿಟ್ಟಳೆಂದರೆ, ಕಾದು ಕೂತಿದ್ದ ಕಾಗೆ ಅದನ್ನು ನೋಡಿ ಅವಮಾನವಾದಂತೆ ಹಾರಿಹೋಯಿತು.

"ಇದ್ ನಮ್ಮನಿ ಹೆಣ್ಣೇ," ಎಂದಳು ರತ್ನಕ್ಕ. ಹತ್ತು ದಿನದೊಳಗೆ ದೇವಸ್ಥಾನದಲ್ಲಿ ಮದುವೆ ಆಯಿತು.

ಮಾರ್ಚ್ ಮೊದಲ ವಾರ ಅನೂಪ ಹಡಗಿಗೆ ವಾಪಸು ಹೋದ. ಏಪ್ರಿಲಿನಲ್ಲಿ ಲೀಸೆಲ್ ತಾಯಿಯ ಮನೆಗೆ ಹಾರಿ, ಸರಿಯಾದ ವೀಸಾ ಮಾಡಿಸಿಕೊಂಡು ತಿರುಗಿ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನೆಲಕ್ಕೆ ಅಂಟಿಕೊಂಡವು. ಅನೂಪನ ಹಡಗು ಪ್ರಯಾಣಿಕರನ್ನೆಲ್ಲ ಇಳಿಸಿ, ನಿಲ್ಲಲು ಜಾಗ ಹುಡುಕುತ್ತ ಅರ್ಧ ಭೂಮಿ ಸುತ್ತಿ, ಕೊನೆಗೆ ಲಂಗರು ಹಾಕಿದ್ದು ಎಲ್ಲಿ? ಮನಿಲಾದ ಕೊಲ್ಲಿಯಲ್ಲಿ! ಲೀಸೆಲಳ ತಾಯಿಯ ಮನೆಗೆ ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸು. ಅಳಿಯ ಹೆಣ್ಣು ಕೊಟ್ಟ ಊರಿನ ಎದುರಿನ ನೀರಿನಲ್ಲಿ, ಇಳಿಯಲು ಅಪ್ಪಣೆಯಿಲ್ಲ. ಸೊಸೆ ಗಂಡನ ಊರಿನ ಅಡುಗೆಮನೆಯಲ್ಲಿ, ಹೊರಡಲು ವಿಮಾನವಿಲ್ಲ. ಇಂಥ ಅದಲುಬದಲು ಯಾವ ಜೋಯಿಸರ ಕವಡೆಗೂ ಹೊಳೆದಿರಲಿಕ್ಕಿಲ್ಲ.

ಮೇ ತಿಂಗಳಿಗೆ ಲೀಸೆಲಳ ವೀಸಾ ಮುಗಿಯಿತು. ಮನೆಯಲ್ಲಿ ಅವಳು ಎಂದಿನಂತೆ ಮೀನಿನ ಪೊರೆ ತೆಗೆಯುತ್ತಿದ್ದಳು. ಕಾಗದದಲ್ಲಿ ಮಾತ್ರ ಆ ದಿನದಿಂದ ಕಳ್ಳಿಯಾದಳು. ಸಿಕ್ಕಿಬಿದ್ದ ವಿದೇಶಿಯರ ವೀಸಾವನ್ನು ವಿಮಾನ ಶುರುವಾಗಿ ಮೂವತ್ತು ದಿನದವರೆಗೆ ಪುಕ್ಕಟೆ ಮುಂದುವರಿಸುತ್ತೇವೆ, ಆದರೆ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು ಎಂದು ಸರಕಾರ ಹೇಳಿತು. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ ಸುಪ್ರೀತಾ ಅರ್ಜಿ ತುಂಬಿದಳು. ಈ ವಿದೇಶಿ ನನ್ನ ಮನೆಯಲ್ಲೇ ಇದ್ದಾಳೆ ಎಂದು ಯಜಮಾನಿ ಬರೆದುಕೊಡಬೇಕಿತ್ತು. ರತ್ನಕ್ಕ ಉಸಿರು ಬಿಗಿಹಿಡಿದು ಸಹಿ ಹಾಕಿದಳು.

"ಪೊಲೀಸರ್ ಮನಿಗ್ ಬಂದ್ ಕಾಂತ್ರ್ ರತ್ನಕ್ಕ," ಎಂದಳು ಸುಪ್ರೀತಾ. "ಅರ್ಜಿ ಬಿದ್ದ್ ಹೋಯ್ತೋ, ದಂಡ ಹಾಕಿ ಹೊರಗ್ ಕಳ್ಸ್ತ್ರ್. ಒಂದ್ಸಲ ಹಾಂಗ್ ಹೋದ್ರೆ ಮತ್ತ್ ಒಳಗ್ ಬಿಡುದೇ ಅನುಮಾನ."

"ಬರ್ಲಿ, ಚಾ ಕೊಡ್ವ," ಎಂದಳು ರತ್ನಕ್ಕ.

ಪೊಲೀಸರು ಬರುವ ಮೊದಲು ಆಸಾಡಿ ಬಂತು. ಆಸಾಡಿಯೆಂದರೆ ಕರ್ಕಾಟಕ ಮಾಸ, ಕಡಲಿಗೆ ಹುಚ್ಚು ಹಿಡಿಯುವ ತಿಂಗಳು. ಮದುವೆಯಾದ ಮೊದಲ ಆಸಾಡಿಯಲ್ಲಿ ಸೊಸೆ ತವರಿಗೆ ಹೋಗಬೇಕು. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ದಾಟಿದರೆ ಮನೆಗೆ ಕೇಡು. ಲೀಸೆಲಳ ತವರು ಏಳು ಸಮುದ್ರದ ಆಚೆ. ರತ್ನಕ್ಕ ಬಿಡುತ್ತಾಳೆಯೇ? ಬ್ರಹ್ಮಾವರ ತಾಲೂಕಿನ ಕೋಡಿಯಲ್ಲಿದ್ದ ತನ್ನ ಅಕ್ಕ ಕಮಲಳಿಗೆ ಫೋನು ಮಾಡಿ, "ಒಂದ್ ತಿಂಗ್ಳ್ ನೀನ್ ಅದ್ರ ಅಬ್ಬಿ ಆಯ್ಕ್," ಎಂದಳು. ಕಮಲ ತಾಯಿಯಾದಳು. ಕರ್ಕಾಟಕ ಸಂಕ್ರಾಂತಿಯ ಮುನ್ನಾದಿನ ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಸೊಸೆಯನ್ನು ಮೀನಿನ ಟೆಂಪೋದಲ್ಲಿ ಕೋಡಿಗೆ ಕಳಿಸಿಕೊಟ್ಟಳು. ಅರ್ಜಿಯ ನೆನಪು ಅವಳಿಗೆ ಬರಲೇ ಇಲ್ಲ. ಸೊಸೆ ಆಸಾಡಿಗೆ ಹೋದರೆ ಮನೆ ಬಿಟ್ಟಂತೆ ಎಂದು ಈ ಕರಾವಳಿಯಲ್ಲಿ ಯಾರ ತಲೆಗಾದರೂ ಬರುತ್ತದೆಯೇ?

ಇದು ಊರ ಬಾಯಿಗೆ ಹೆದರಿ ಮಾಡಿದ್ದಲ್ಲ. ಊರೇ ರತ್ನಕ್ಕನ ಬಾಯಿಗೆ ಹೆದರುತ್ತಿತ್ತು. ಮೂವತ್ತೆರಡು ವರ್ಷದ ಹಿಂದೆ ತನ್ನ ಮೊದಲ ಆಸಾಡಿಯಲ್ಲಿ ಅವಳು ತವರಿಗೆ ಹೋಗಿದ್ದಳು. ಒಂಬತ್ತನೆಯ ದಿನ ಅತ್ತಿಗೆಯ ಜೊತೆ ಜಗಳ ಮಾಡಿಕೊಂಡು, ಸಿಟ್ಟಿನಲ್ಲಿ ಗಂಡ ಮುತ್ತನ ಮನೆಗೆ ಬಂದು, ಸರಸರನೆ ಹೊಸ್ತಿಲು ದಾಟಿ ಒಳಗೆ ಹೋದಳು. ಅದಾಗಿ ನಾಲ್ಕನೆಯ ದಿನ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿ ಮುತ್ತನ ಅಣ್ಣ ಚೆನ್ನಯ್ಯ ಹೋದ. ಮನೆಯವರು ಯಾರೂ ಅವಳಿಗೆ ಒಂದು ಮಾತು ಹೇಳಲಿಲ್ಲ. ಅತ್ತೆ ಹೇಳಲಿಲ್ಲ, ಮುತ್ತ ಸಾಯುವವರೆಗೂ ಹೇಳಲಿಲ್ಲ. ಬೈದಿದ್ದರೆ ಅವಳು ಹತ್ತುಪಟ್ಟು ತಿರುಗಿ ಬೈದು ಹಗುರಾಗುತ್ತಿದ್ದಳು. ಬೈಯದೇ ಬಿಟ್ಟರು. ಆ ಭಾರ ಅವಳ ತಲೆಯ ಬುಟ್ಟಿಯಡಿಯಲ್ಲಿ ಹಾಗೇ ಉಳಿಯಿತು. ಈಗ ಮಗ ನೀರಿನ ಮೇಲೆ.

ಆಸಾಡಿಯ ಐದನೆಯ ದಿನ ಮಳೆಯಂಗಿ ಹಾಕಿಕೊಂಡು ಹೆಡ್ ಕಾನ್‌ಸ್ಟೇಬಲ್ ವೆಂಕಟ ಬಂದ. ಸಾಲಿಗ್ರಾಮದವನು, ರತ್ನಕ್ಕನ ಬಂಗ್ಡೆ ತಿಂದೇ ಹೊಟ್ಟೆ ಬೆಳೆಸಿದವನು.

"ಬನ್ನಿ ವೆಂಕಟಣ್ಣ, ಕೂಕಣಿ. ಚಾ ಇಡ್ತೆ."

"ಚಾ ಬೇಡ ರತ್ನಕ್ಕ, ಮಾಸ್ಕ್ ತೆಗುಕೆ ಹೆದ್ರಿಕೆ. ನಿನ್ನ ಫಾರಿನ್ ಸೊಸಿನ ಕರಿ. ಒಂದ್ ಫೋಟೋ ತೆಗ್ದ್ ರಿಪೋರ್ಟ್ ಕಳ್ಸಿ ಬಿಡ್ತೆ."

"ಅದ್ ಇಲ್ಲೆ. ಕೋಡಿಗ್ ಹೋಯ್ತ್, ಅಕ್ಕನ ಮನಿಗೆ. ಮೊದಲ್ನೇ ಆಸಾಡಿ ಅಲ್ದಾ?"

ವೆಂಕಟ ಜಗಲಿಯ ಮೇಲೆ ದೊಪ್ಪನೆ ಕೂತ. "ಎಂತ ಮಾಡಿ ಹಾಕಿದೆ ಮಾರಾಯ್ತಿ! ನನ್ನ ಮಗ್ಳೂ ಆಸಾಡಿಗ್ ಬಂದ್ ಕೂತಿತ್ತ್, ನಂಗ್ ಗೊತ್ತಿಲ್ದೇ ಇಪ್ದಲ್ಲ. ಆದ್ರೆ ಈ ಕಾಗ್ದಕ್ಕೆ ಆಸಾಡಿ ಗೊತ್ತಿಲ್ಲೆ. ಇದ್ರಲ್ಲಿ ನಿನ್ನ ಮನಿ ನಂಬ್ರ ಇತ್ತ್. ಮನೀಲಿ ಅವ್ಳಿಲ್ಲ ಅಂದ್ರೆ 'ವಿಳಾಸದಲ್ಲಿ ಇಲ್ಲ' ಅಂತ ಬರೂಕೆ. ಹಾಂಗ್ ಬರ್ದ್ರೆ ಅರ್ಜಿ ಬಿತ್ತ್."

"ಕೋಡಿ ವಿಳಾಸ ಬರ್ಕಣಿ."

"ಅದ್ ಬೇರೆ ಠಾಣೆ, ಬೇರೆ ಅರ್ಜಿ. ಅಷ್ಟೊತ್ತಿಗೆ ಇದ್ ಬಿದ್ದಾತ್. ಕಾಣ್, ನಾಳೆ ಹನ್ನೊಂದ್ ಗಂಟಿವರೆಗೆ ನಾನ್ ಈ ಬದಿಗ್ ಬರ್ಲೇ ಇಲ್ಲ ಅಂತ ಮಾಡ್ತೆ. ನಾಳೆ ಅವ್ಳ್ ಇಲ್ಲ್ ಇರ್ಕ್. ಬರೀ ಫೋಟೋಕ್ಕಲ್ಲ. ಆರ್ಡರ್ ಬಪ್ಪಲ್ಲಿವರೆಗೆ ಮೇಲಿನವ್ರ್ ಯಾವಾಗ್ ಬೇಕಾರೂ ಬಪ್ರ್."

ಅವನ ಬೈಕು ತಿರುವು ದಾಟುವ ಮೊದಲೇ ರತ್ನಕ್ಕ ಮಗನಿಗೆ ಫೋನು ಮಾಡಿದಳು. ಅನೂಪನ ಮುಖ ತೆರೆಯ ಮೇಲೆ ಚೂರುಚೂರಾಗಿ ಬಂತು.

"ಕರ್ಕಂಡ್ ಬಾ ಅಬ್ಬಿ! ಹೊಸ್ತಿಲ್ ಹೊಸ್ತಿಲ್ ಅಂದ್ರೆ ವೀಸಾ ಕೊಡ್ತ್ರಾ? ಇಲ್ಲ್ ದೊಡ್ಡ ಗಾಳಿ ಬತ್ತಾ ಇತ್ತ್. ಲಂಗರ್ ಎತ್ತಿ ನಡು ಕಡ್ಲಿಗ್ ಹೋಯ್ಕ್ ಅಂತ್ರ್..."

ಅಲ್ಲಿಗೆ ಮುಖ ನಿಂತಿತು, ಮಾತೂ ನಿಂತಿತು. ರತ್ನಕ್ಕ ಮತ್ತೆ ಮಾಡಿದಳು. ಹತ್ತು ಸಲ ಮಾಡಿದಳು, ನೂರು ಸಲ ಮಾಡಿದಳು. ಬೈಂದೂರಿಗೆ ಕೇಳುವ ಗಂಟಲು ಒಂದು ಸಣ್ಣ ಡಬ್ಬಿಯ ಆಚೆಗೆ ಕೇಳಲಿಲ್ಲ.

ಕರೆಸದಿದ್ದರೆ ಸೊಸೆ ಹೋಗುತ್ತಾಳೆ, ಕರೆಸಿದರೆ ಮಗ. ಆ ದಿನ ಸಂಜೆಯವರೆಗೆ ಅವಳು ಹೊಸ್ತಿಲ ಮುಂದೆ ಕೂತೇ ಇದ್ದಳು. ಒಂದು ಮಾರು ಉದ್ದದ ಹಲಸಿನ ತುಂಡು ಅದು, ನಡುವೆ ಸವೆದು ತಗ್ಗಾಗಿತ್ತು. ಅದನ್ನೇ ಕೀಳಿಸಿಬಿಡಲೇ ಎಂದೂ ಯೋಚಿಸಿದಳು. ಹಾರೆ ಕೂಡ ತಂದಳು. ಆಮೇಲೆ ಹಾರೆಯನ್ನು ಅದರ ಜಾಗದಲ್ಲೇ ಇಟ್ಟು, ಸೊಸೆಯನ್ನು ಕಳಿಸೆಂದು ಕಮಲಳಿಗೆ ಫೋನು ಮಾಡಿ, ಒಳಗೆ ಹೋಗಿ ಎರಡು ಸೀರೆ, ಒಂದು ಕಂಬಳಿ ಗಂಟು ಕಟ್ಟಿದಳು.

ಮರುದಿನ ಹತ್ತು ಗಂಟೆಗೆ ಟೆಂಪೋ ಬಂದು ನಿಂತಾಗ ಮಳೆ ಆಕಾಶವನ್ನೇ ಮಗುಚಿ ಹಾಕಿದಂತೆ ಸುರಿಯುತ್ತಿತ್ತು. ಲೀಸೆಲ್ ಪೆಟ್ಟಿಗೆ ಹಿಡಿದುಕೊಂಡು ಇಳಿದಳು. ರತ್ನಕ್ಕ ಗಂಟು ಕಂಕುಳಲ್ಲಿ ಇಟ್ಟುಕೊಂಡು ಅಂಗಳದಾಚೆ ರಸ್ತೆಯ ಬದಿ ನಿಂತಿದ್ದಳು.

"ಅತ್ತಿ, ಎಲ್ಲಿಗ್ ಹೋಪ್ದ್?" ಐದು ತಿಂಗಳಲ್ಲಿ ಲೀಸೆಲ್ ಕಲಿತ ಕುಂದಾಪ್ರ ಕನ್ನಡದಲ್ಲಿ ಅರ್ಧ ಮೀನಿನ ಹೆಸರು, ಉಳಿದರ್ಧ ಅತ್ತೆಯ ಗಂಟಲು.

"ಕೋಡಿಗೆ. ನೀನ್ ಒಳಗ್ ಹೋಗ್. ಅಕ್ಕಿ ನೆನ್ಸಿಟ್ಟಿದೆ."

"ನಾ ಬಂದೆ, ನೀ ಹೋತೆ? ಎಂತಕೆ? ಸಿಟ್ಟಾ?"

"ಸಿಟ್ಟಲ್ಲ ಹೆಣೆ. ಇಬ್ರೂ ಒಂದೇ ಹೊಸ್ತಿಲ್ ದಾಟುಕಾಗ. ಒಬ್ರ್ ಹೊರಗಿರ್ಕ್. ನಿನ್ನ ಕಾಗ್ದಕ್ಕೆ ನೀನ್ ಇಲ್ಲ್ ಬೇಕ್. ಹಾಂಗಾರೆ ನಾನ್ ಹೋಪ್ದೇ ಸೈ."

ಲೀಸೆಲ್ ಪೆಟ್ಟಿಗೆಯನ್ನು ಕೆಸರಿನಲ್ಲೇ ಇಟ್ಟು ಅದರ ಮೇಲೆ ಕೂತಳು. "ನಿಂದ್ ಮನಿ. ನಾ ಒಳಗ್ ಹೋತಿಲ್ಲೆ."

ಆಗಲೇ ವೆಂಕಟನ ಬೈಕು ಬಂತು. ಸೊಸೆ ಮಳೆಯಲ್ಲಿ ಪೆಟ್ಟಿಗೆಯ ಮೇಲೆ, ಅತ್ತೆ ರಸ್ತೆಯಲ್ಲಿ. ಮನೆ ಖಾಲಿ. "ಇದ್ಯಾವ ಆಟ ರತ್ನಕ್ಕ?" ಎಂದ ಅವನು.

ರತ್ನಕ್ಕ ಸೊಸೆಯ ಕಡೆ ತಿರುಗಿದಳು. ರಸ್ತೆಯಲ್ಲಿ ನಿಂತುಕೊಂಡೇ ಲೀಸೆಲಳಿಗೆ ಚೆನ್ನಯ್ಯನ ವಿಷಯ ಹೇಳಿದಳು. ಅಳಿವೆ, ದೋಣಿ, ಒಂಬತ್ತನೆಯ ದಿನ, ನಾಲ್ಕನೆಯ ದಿನ. ಜೀವಮಾನದಲ್ಲಿ ಮೊದಲ ಸಲ ಹೇಳಿದಳು, ಮೊದಲ ಸಲ ಅವಳ ಸ್ವರ ಎದುರಿನ ಬೇಲಿಯನ್ನೂ ಮುಟ್ಟಲಿಲ್ಲ. ವೆಂಕಟ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಲೀಸೆಲಳಿಗೆ ಎಷ್ಟು ಅರ್ಥವಾಯಿತೋ. "ಅತ್ತಿ, ಅದ್ ಗಾಳಿ. ನಾ ಹಡಗಲ್ಲ್ ಕಂಡಿದೆ. ಗಾಳಿಗ್ ಯಾರ್ ಗೊತ್ತಿಲ್ಲೆ," ಎಂದಳು.

"ನಿಂಗೆಂತ ಗೊತ್ತಿತ್ತ್," ಎಂದಳು ರತ್ನಕ್ಕ. "ನಿಂದೂ ಗಂಡ ಅವ, ಬರೀ ನನ್ನ ಮಗ ಅಲ್ಲ. ಏಳ್. ನಂಗೋಸ್ಕರ ಏಳ್."

ಲೀಸೆಲ್ ಎದ್ದಳು. ಪೆಟ್ಟಿಗೆ ಎತ್ತಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ಹಲಸಿನ ಮರದ ಆ ತಗ್ಗನ್ನು ಮುಟ್ಟಿ ನಮಸ್ಕರಿಸಿ, ಅದನ್ನು ತುಳಿಯದೆ ಕಾಲು ಎತ್ತಿಟ್ಟು ಒಳಗೆ ಹೋದಳು. ಹಾಗೆ ಮಾಡಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವೆಂಕಟ ಮನೆ ನಂಬರಿನ ಕೆಳಗೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದ. ಆಮೇಲೆ ಕಾಗದ ಹಿಡಿದುಕೊಂಡು ರಸ್ತೆಗೆ ಬಂದ.

"ಯಜಮಾನಿ ಸಹಿನೂ ಬೇಕ್. ಯಜಮಾನಿ ಮನೀಲಿ ಹಾಜರಿದ್ದಾಳೆ ಅಂತ ಬರೂಕಿತ್ತ್."

"ನಾನ್ ಒಳಗ್ ಬತ್ತಿಲ್ಲೆ."

ವೆಂಕಟ ರಸ್ತೆಯನ್ನು ನೋಡಿದ, ಮನೆಯನ್ನು ನೋಡಿದ. "ಹೈವೇ ಅಗಲ ಮಾಡುವತ್ತಿಗೆ ಈ ರಸ್ತೆಗೂ ನಿನ್ನ ಜಾಗ ಹೋಯ್ತಲ್ದಾ?"

"ಏಳ್ ಸೆಂಟ್ಸ್ ಹೋಯ್ತ್. ನಾಲ್ಕ್ ತೆಂಗಿನಮರ."

"ಹಾಂಗಾರೆ ನೀನ್ ನಿಂತದ್ ನಿನ್ನ ಜಾಗದಲ್ಲೇ. ಹಾಕ್ ಸಹಿ." ಟೆಂಪೋದ ಬಾನೆಟ್ಟಿನ ಮೇಲೆ, ಕೊಡೆಯ ಅಡಿಯಲ್ಲಿ ಸಹಿ ಬಿತ್ತು. ರತ್ನಕ್ಕ ಕೋಡಿಗೆ ಹೋದಳು. ಮದುವೆಯಾದ ಮೇಲೆ ಅವಳು ಇನ್ನೊಬ್ಬರ ಮನೆಯಲ್ಲಿ ಚಾಪೆ ಬಿಡಿಸಿದ್ದು ಅದೇ ಎರಡನೆಯ ಸಲ.

ಅನೂಪ ಹೇಳಿದ ಆ ಗಾಳಿ ದಿನ ದಿನವೂ ಟೀವಿಯಲ್ಲಿ ಬಿಳಿ ಚಕ್ರದಂತೆ ತಿರುಗುತ್ತಿತ್ತು. ಕಮಲ ಟೀವಿ ಆರಿಸುತ್ತಾಳೆ, ರತ್ನಕ್ಕ ಹಾಕುತ್ತಾಳೆ. ಅವಳು ಕೋಡಿಗೆ ಬಂದ ಒಂಬತ್ತನೆಯ ದಿನ ಮಧ್ಯಾಹ್ನ ನಾವುಂದದಿಂದ ಲೀಸೆಲ್ ಫೋನು ಮಾಡಿದಳು. ವೆಂಕಟನೂ ಪಕ್ಕದಲ್ಲಿದ್ದ, ಅವನ ಉತ್ಸಾಹ ಮೊದಲು ಕೇಳಿಸಿತು. "ರತ್ನಕ್ಕ, ಆರ್ಡರ್ ಬಂತ್! ವಿಮಾನ ಶುರುವಾಗಿ ಮೂವತ್ತ್ ದಿನದವರೆಗೆ ಯಾರೂ ಎಬ್ಸುಕಿಲ್ಲೆ!"

"ವಿಮಾನ ಯಾವಾಗ ಶುರು?"

"ಅದ್ ಬರಿಲಿಲ್ಲ."

ರತ್ನಕ್ಕನಿಗೆ ಮೀನು ಮಾರಿ ತಂದ ಮೂವತ್ತೆರಡು ವರ್ಷದ ಖುಷಿಯನ್ನೆಲ್ಲ ಒಟ್ಟು ಹಾಕಿದರೂ ಸಾಲದಷ್ಟು ಖುಷಿ ಆಗಬೇಕಿತ್ತು. "ಲೀಸೆಲ್ಲಿಗ್ ಕೊಡಿ," ಎಂದಳು. "ಮಗ ಫೋನ್ ಮಾಡ್ದ್ನಾ?"

"ಇಲ್ಲೆ ಅತ್ತಿ." ಆಚೆ ಉಸಿರು ಕೇಳಿಸಿತು. "ನಾ ಮೆಸೇಜ್ ಹಾಕಿದೆ. ಎಂಟ್ ದಿನ ಒಂದ್ ಗೆರೆ ಇತ್ತ್. ಈಗ ಎರಡ್ ಗೆರೆ ಬಂತ್."

"ಎರಡ್ ಗೆರೆ ಅಂದ್ರೆ ಎಂತ?"

"ಮುಟ್ಟಿತ್ತ್."

"ಮಗನಿಗಾ, ಫೋನಿಗಾ?"

ಲೀಸೆಲ್ ಸುಳ್ಳು ಹೇಳಬಹುದಿತ್ತು. "ಫೋನಿಗೆ," ಎಂದಳು. "ಅವ ಕಂಡ್ರೆ ನೀಲಿ ಆತ್."

ರತ್ನಕ್ಕ ಚಾಪೆಯ ಮೇಲೆ ಕೂತು, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಇಡ್ಬೇಡ," ಎಂದಳು. "ಕಾಣ್ತಾ ಇರ್. ನೀಲಿ ಆದ್ ಕೂಡ್ಲೆ ಹೇಳ್."