ಚಿಕ್ಕನಿಂಗಮ್ಮ ಮುರಿದ ಆಣೆ

ಸಾಕ್ಷಿಗಳು ತಿರುಗಿಬೀಳುವುದು ಯಶೋದಳಿಗೆ ಹೊಸದಾಗಿರಲಿಲ್ಲ. ಕೊಳ್ಳೇಗಾಲದ ಸರ್ಕಾರಿ ಅಭಿಯೋಜಕರ ಕಚೇರಿಗೆ ಸಹಾಯಕಿಯಾಗಿ ಸೇರಿದ ಹೊಸತರಲ್ಲೇ ಒಬ್ಬ ಮಹಾನುಭಾವ, ತನ್ನ ತಲೆಯ ಮೇಲಿನ ಮಚ್ಚಿನ ಗಾಯದ ಕಲೆ ಸವರಿಕೊಳ್ಳುತ್ತಲೇ, ತನಗೆ ಯಾರೂ ಹೊಡೆದೇ ಇಲ್ಲ ಎಂದು ಕಟಕಟೆಯಲ್ಲಿ ನಿಂತು ಹೇಳಿದ್ದ. ಆವತ್ತು ನಗಬೇಕೋ ಅಳಬೇಕೋ ತಿಳಿದಿರಲಿಲ್ಲ. ಈಗ ಅವೆರಡೂ ಬರುವುದಿಲ್ಲ. ಬೆಳಿಗ್ಗೆ ಯಳಂದೂರಿನಲ್ಲಿ ಬಸ್ಸು ಹತ್ತುತ್ತಾಳೆ, ಕಚೇರಿಗೆ ಬಂದು ಆ ದಿನದ ಕಡತ ಜೋಡಿಸುತ್ತಾಳೆ, ಸಾಕ್ಷಿಗಳನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ, ಅವರು ಹಿಂದೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಅವರಿಗೇ ಓದಿ ಹೇಳುತ್ತಾಳೆ. "ಓದಿ ಹೇಳು, ಹೇಳಿಕೊಡಬೇಡ" ಎನ್ನುವುದು ಅಭಿಯೋಜಕ ಸದಾಶಿವಪ್ಪನವರ ಕಟ್ಟಪ್ಪಣೆ. ಅವಳು ಓದುವಾಗ ತಲೆಯಾಡಿಸಿದವರು ಒಳಗೆ ಹೋಗಿ ತಲೆ ಕೊಡವುತ್ತಾರೆ. ಆಮೇಲೆ ಹೊರಗೆ ಬಂದು, ತಪ್ಪು ತಿಳ್ಕೋಬೇಡಿ ಮೇಡಂ ಎಂದು ಅವಳಿಗೇ ಟೀ ಕೊಡಿಸಲು ನೋಡುತ್ತಾರೆ. ಇಂಥ ಜನರ ನಡುವೆ ಇದ್ದೂ ಇದ್ದೂ, ಸತ್ಯ ಎನ್ನುವುದು ಕಡತದೊಳಗಿನ ಒಂದು ಪದ ಮಾತ್ರ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಪುಟ್ಟಬಸಪ್ಪನ ಕೇಸೂ ಅದೇ ದಾರಿ ಹಿಡಿದಿತ್ತು. ರಾಮಾಪುರದಿಂದ ಕಾಡಿನ ಕಡೆಗೆ ಹೋದರೆ ಹುಲ್ಲೆದೊಡ್ಡಿ ಸಿಗುತ್ತದೆ. ಅಲ್ಲಿ ಪುಟ್ಟಬಸಪ್ಪ, ತನ್ನ ಮುಸುಕಿನ ಜೋಳಕ್ಕೆ ಹಂದಿ ನುಗ್ಗದಿರಲೆಂದು ಪಂಪ್‌ಸೆಟ್ಟಿನ ಕರೆಂಟನ್ನೇ ಬೇಲಿ ತಂತಿಗೆ ಕೊಟ್ಟಿದ್ದ. ಹಂದಿ ಸಾಯಲಿಲ್ಲ. ಪಕ್ಕದ ಹೊಲದ ದೊಡ್ಡಮಾದಯ್ಯ, ಹಗ್ಗ ಕಿತ್ತುಕೊಂಡು ಹೋದ ಹಸುವನ್ನು ಹುಡುಕುತ್ತ ಬಂದು ತಂತಿ ತುಳಿದು ಸತ್ತ. ಪೊಲೀಸರು ಬರುವಷ್ಟರಲ್ಲಿ ತಂತಿಯೂ ಇಲ್ಲ, ಗೂಟವೂ ಇಲ್ಲ. ವಿಚಾರಣೆ ಶುರುವಾದ ಮೇಲೆ ಊರಿನ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಬಂದು, ತಂತಿಯೇ, ಯಾವ ತಂತಿ ಎಂದು ಸದಾಶಿವಪ್ಪನವರನ್ನೇ ಕೇಳಿ ಹೋದರು. ಉಳಿದವಳು ಸತ್ತವನ ಹೆಂಡತಿ ಚಿಕ್ಕನಿಂಗಮ್ಮ ಒಬ್ಬಳೇ. ನಸುಕಿನಲ್ಲಿ ಗಂಡನನ್ನು ಹುಡುಕಿಕೊಂಡು ಹೋದವಳು, ಹೆಣದ ಪಕ್ಕದಲ್ಲೇ ಪುಟ್ಟಬಸಪ್ಪ ತಂತಿ ಸುತ್ತಿಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದಳು. ಅವಳೂ ಕೈಕೊಟ್ಟರೆ ಕೇಸು ಮುಗಿದಂತೆ.

"ಕೈ ಕೊಡ್ತಾಳೆ. ಊರಲ್ಲಿ ರಾಜಿ ಆಗಿದೆಯಂತೆ" ಎಂದರು ಸದಾಶಿವಪ್ಪ. "ತಿರುಗಿಬಿದ್ದ ಮೇಲೆ ಕೇಳೋ ಪ್ರಶ್ನೆಗಳನ್ನ ಈಗಲೇ ಟೈಪ್ ಮಾಡಿಡಮ್ಮ."

ಯಶೋದ ಟೈಪ್ ಮಾಡಿಟ್ಟಳು. ಅವಳ ಕೈಗೆ ಆ ಪ್ರಶ್ನೆಗಳು ಬಾಯಿಪಾಠವಾಗಿದ್ದವು, ಹೆಸರು ಬದಲಾಯಿಸಿದರೆ ಸಾಕಿತ್ತು.

ಚಿಕ್ಕನಿಂಗಮ್ಮ ಬಂದಾಗ ಕೋರ್ಟು ಇನ್ನೂ ಶುರುವಾಗಿರಲಿಲ್ಲ. ನಲವತ್ತೈದರ ಆಸುಪಾಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಕುಂಟುತ್ತ ಬಂದು ಬೆಂಚಿನ ತುದಿಯಲ್ಲಿ ಕೂತಳು. ಎರಡೂ ಪಾದಗಳಿಗೆ ಹಳೇ ಸೀರೆಯ ಬಟ್ಟೆ ಸುತ್ತಿತ್ತು. ಯಶೋದ ಹೇಳಿಕೆಯನ್ನು ನಿಧಾನವಾಗಿ ಓದಿದಳು. ಚಿಕ್ಕನಿಂಗಮ್ಮ ತಲೆಯಾಡಿಸಲಿಲ್ಲ, ಕೊನೆಯವರೆಗೂ ಕೇಳಿದಳು.

"ಎಲ್ಲಾ ದಿಟವೆ ಕಣವ್ವ" ಎಂದಳು. "ಆದ್ರೆ ಇದ ಯೋಳಕ್ಕಿಲ್ಲ ಅಂತ ನಾನು ಆಣೆ ಮಾಡಿವ್ನಿ."

ಯಶೋದಳ ಮುಖದಲ್ಲಿ ಏನು ಕಂಡಿತೋ, ಅವಳೇ ಬಿಡಿಸಿ ಹೇಳಿದಳು. ತಿಥಿ ಕಳೆದ ಮೇಲೆ ಊರಿನ ಹಿರಿಯರು ಇಬ್ಬರನ್ನೂ ಮಾದಪ್ಪನ ಗುಡಿ ಮುಂದೆ ಕೂರಿಸಿದ್ದರು. ಪುಟ್ಟಬಸಪ್ಪನಿಗೂ ಸಣ್ಣ ಮಕ್ಕಳು. ಅವನು ಜೈಲಿಗೆ ಹೋದರೆ ಎರಡು ಮನೆ ಹಾಳಾಗುತ್ತದೆ ಎಂದರು. ಚಿಕ್ಕನಿಂಗಮ್ಮನ ಹೊಲವನ್ನು ಅವಳಿರುವವರೆಗೂ ಉತ್ತುಕೊಡುತ್ತೇನೆಂದು ಅವನು, ಅವನ ವಿರುದ್ಧ ಬಾಯಿ ಬಿಡುವುದಿಲ್ಲವೆಂದು ಅವಳು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದರು. ತಪ್ಪಿದವರ ಮನೆಯ ದೀಪ ಹೀಗೇ ಆರಲಿ ಎಂದು ಪೂಜಾರಿ ಹೇಳಿದ. ಅದಾದ ಮೇಲೆ ಎರಡು ಮಳೆಗಾಲ ಕಳೆದವು. ಪುಟ್ಟಬಸಪ್ಪ ಎರಡು ಸಲವೂ ತನ್ನ ಹೊಲಕ್ಕಿಂತ ಮೊದಲು ಅವಳ ಹೊಲ ಉತ್ತಿದ್ದ.

"ಮತ್ತೆ ಈಗ?" ಎಂದಳು ಯಶೋದ.

"ಈಗ ಅವ್ನು ತಂತಿ ಮತ್ತೆ ಎಳ್ದವ್ನೆ. ಈ ಸಲ ತೆನೆ ಕಟ್ದಾಗಿಂದ್ಲೂ ಅದೆ. ಇಸ್ಕೂಲ್ ಮಕ್ಳು ಆ ಬದೀಲೇ ಓಡಾಡ್ತವೆ. ನಾನೇ ಓಗಿ ಕೇಳ್ದೆ, ಬ್ಯಾಡ ಕಣಪ್ಪ ಅಂದೆ. ಅಂದಿ ಮಾತು ಕೇಳ್ತದಾ ಅಕ್ಕ ಅಂದ. ಊರೋರ್ನ ಕೇಳ್ದೆ. ಆಗೋಗಿರೋದ್ನ ಯಾಕ್ ಕೆದಕ್ತೀಯೆ ಅಂದ್ರು. ಇನ್ನ ಯಾರ್ ತವ ಓಗ್ಲಿ?"

ಯಶೋದ ಬುದ್ಧಿವಂತೆ. ಅವಳ ತಲೆ ತಕ್ಷಣ ಓಡಿತು. ಸಾಕ್ಷಿ ದೇವರ ಹೆಸರಿನಲ್ಲೇ ಪ್ರಮಾಣ ಮಾಡಬೇಕೆಂದಿಲ್ಲ, ಮನಃಸಾಕ್ಷಿಯಾಗಿ ಹೇಳುತ್ತೇನೆ ಎಂದರೂ ಕಾನೂನು ಒಪ್ಪುತ್ತದೆ; ಅಲ್ಲಿಗೆ ಮಾದಪ್ಪನ ಸುದ್ದಿಯೇ ಬರುವುದಿಲ್ಲ ಎಂದು ಚಿಕ್ಕನಿಂಗಮ್ಮನಿಗೆ ವಿವರಿಸಿದಳು. ಸಾಲದ್ದಕ್ಕೆ, ಹೆಸರು ಹೇಳದೆ ಬೆರಳು ತೋರಿಸಿದರೂ ಆಗುತ್ತದೆ, ಬಾಯಿ ಬಿಟ್ಟಂತೆಯೇ ಆಗುವುದಿಲ್ಲ ಎಂದೂ ಸೇರಿಸಿದಳು. ಹೇಳಿ ಮುಗಿಸಿದಾಗ ತನ್ನ ಜಾಣತನಕ್ಕೆ ತಾನೇ ಸ್ವಲ್ಪ ಹಿಗ್ಗಿದಳು.

ಚಿಕ್ಕನಿಂಗಮ್ಮ ಅವಳನ್ನು ಅಕ್ಕರೆಯಿಂದಲೇ ನೋಡಿದಳು.

"ಮಾದಪ್ಪನ ತವ ಲಾಯರ್‌ಗಿರಿ ಮಾಡಕ್ಕಾದದಾ ಮಗ? ಆಣೆ ಮುರೀಬೇಕು ಅಂದ್ರೆ ಅವ್ನ ಎದ್ರುಗೇ ಮುರೀಬೇಕು. ಮೊನ್ನೆ ತಾಳಬೆಟ್ಟದಿಂದ ನಡ್ಕಂಡು ಮಾದಪ್ಪನ ಬೆಟ್ಟಕ್ಕೆ ಓದೆ, ಬರಿಗಾಲಲ್ಲಿ. ನಾಳಿದ್ದು ನಾನು ಆಣೆ ತಪ್ತೀನಿ ಕಣಪ್ಪ, ತಪ್ಪು ನಂದು, ಏನ್ ಕೊಡ್ತೀಯೋ ನಂಗೇ ಕೊಡು, ನನ್ ಮಗ್ಳ ತಂಟೆಗೆ ಓಗ್ಬ್ಯಾಡ ಅಂತ ಯೋಳ್ಬುಟ್ಟು ಬಂದಿವ್ನಿ."

ಮಗಳು ರತ್ನಳನ್ನು ಕುಂತೂರಿಗೆ ಕೊಟ್ಟಿತ್ತು. ಅವಳಿಗೆ ಈಗ ದಿನ ತುಂಬಿತ್ತು. ಸೀಮಂತಕ್ಕೆ ಹೋದವಳು ಅಲ್ಲಿಂದೀಚೆಗೆ ಮಗಳ ಮನೆಗೆ ಕಾಲಿಟ್ಟಿಲ್ಲವೆಂದೂ, ಫೋನನ್ನೂ ಮಾಡಿಲ್ಲವೆಂದೂ ಚಿಕ್ಕನಿಂಗಮ್ಮ ಹೇಳಿದಳು. ಬರುವುದು ತನ್ನ ಮೇಲೆ ಬರಲಿ, ದಾರಿ ತಪ್ಪಿ ಅಲ್ಲಿಗೆ ಹೋಗದಿರಲಿ ಎಂದು.

ಈ ಹೆಂಗಸು ದೀಪ ಆರುವುದನ್ನು ಬರೀ ಮಾತೆಂದು ತಿಳಿದಿಲ್ಲ; ಬಸ್ಸು ಬರುತ್ತದೆ ಎಂದು ನಂಬಿದಷ್ಟೇ ಸಲೀಸಾಗಿ ಅದನ್ನು ನಂಬಿದ್ದಾಳೆ. ನಂಬಿಯೂ ಬಂದು ಕೂತಿದ್ದಾಳೆ. ಯಾರದೋ ಮಕ್ಕಳು ನಡೆಯುವ ಬದುವಿಗಾಗಿ ಸ್ವಂತ ಮಗಳ ಬಸಿರನ್ನು ಪಣಕ್ಕಿಟ್ಟು ಬಂದವಳಿಗೆ ತಾನು ಕಾನೂನಿನ ಕಿಂಡಿ ತೋರಿಸಿದೆನಲ್ಲ ಎಂದು ಯಶೋದಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಬೆರಗು ದೊಡ್ಡದಿತ್ತು. ಅವಳು ಕಡತ ಮುಚ್ಚಿ ಸುಮ್ಮನೆ ಪಕ್ಕದಲ್ಲಿ ಕೂತಳು.

ಒಳಗೆ ಪ್ರಮಾಣವಚನ ಹೇಳಿಸಲು ಬೆಂಚ್ ಕ್ಲರ್ಕು ಬಾಯಿ ತೆರೆಯುವ ಮೊದಲೇ ಚಿಕ್ಕನಿಂಗಮ್ಮ ಕೈ ಮುಗಿದಳು. ಆಮೇಲೆ ದೇವರ ಹೆಸರಿನಲ್ಲೇ ಪ್ರಮಾಣ ಮಾಡಿದಳು. ಸದಾಶಿವಪ್ಪ ಕೇಳಿದ್ದಕ್ಕೆಲ್ಲ ಹೇಳಿದಳು. ಹಸು ತಪ್ಪಿಸಿಕೊಂಡಿದ್ದು, ಗಂಡ ಬರಲಿಲ್ಲವೆಂದು ತಾನು ಹೋಗಿದ್ದು, ಸುಟ್ಟ ವಾಸನೆ ಬಂದಿದ್ದು, ತಂತಿ ಸುತ್ತುತ್ತಿದ್ದವನು ತನ್ನನ್ನು ನೋಡಿ ಕೆಳಗೆ ಹಾಕಿದ್ದು, ಮತ್ತೆ ಎತ್ತಿಕೊಂಡಿದ್ದು. ಯಾರವರು ಎಂದು ಕೇಳಿದಾಗ ಬೆರಳು ತೋರಿಸಲಿಲ್ಲ.

"ಪುಟ್ಟಬಸಪ್ಪ" ಎಂದಳು. ಆ ಹೆಸರು ಹೇಳುವಾಗ ಅವಳ ಅಂಗೈ ಕಟಕಟೆಯ ಮರದ ಮೇಲೆ ಬಿಗಿಯಾಗಿ ಒತ್ತಿಕೊಂಡಿತ್ತು. ಯಶೋದ ಆ ಕೈಯನ್ನೇ ನೋಡಿದಳು. ಟೈಪ್ ಮಾಡಿದ ಪ್ರಶ್ನೆಗಳು ಸದಾಶಿವಪ್ಪನವರ ಮೇಜಿನ ಮೇಲೆ ಹಾಗೇ ಬಿದ್ದಿದ್ದವು.

ಪುಟ್ಟಬಸಪ್ಪನ ವಕೀಲರು ಎದ್ದರು. ಹಳೇ ದ್ವೇಷದಿಂದ ಸುಳ್ಳು ಹೇಳುತ್ತಿದ್ದೀರಿ ಎಂದರು.

"ದ್ವೇಸ ಇಲ್ಲ ಸಾ. ನನ್ ಒಲ ಉತ್ತುಕೊಟ್ಟವ್ನೆ. ಆಡಿದ್ ಮಾತ ಅವ್ನು ತಪ್ಲಿಲ್ಲ. ತಪ್ತಾ ಇರೋಳು ನಾನು."

ವಕೀಲರಿಗೆ ಎಳೆ ಸಿಕ್ಕಂತಾಯಿತು. "ಅಂದ್ರೆ ಅವರ ವಿರುದ್ಧ ಹೇಳಲ್ಲ ಅಂತ ದೇವರ ಮುಂದೆ ಆಣೆ ಮಾಡಿದ್ದೀರಿ. ಇವತ್ತು ಅದನ್ನ ಮುರಿದಿದ್ದೀರಿ. ದೇವರ ಭಯ ಇಲ್ಲದವರ ಮಾತನ್ನ ಕೋರ್ಟು ಹೇಗೆ ನಂಬಬೇಕು?"

"ಬಯ ಅದೆ ಸಾ. ಅದ್ಕೇ ಮೊದ್ಲು ಅಲ್ಗೆ ಓಗಿ ಯೋಳಿ, ಆಮೇಲೆ ಇಲ್ಗೆ ಬಂದೆ." ಆಮೇಲೆ ಸೇರಿಸಿದಳು: "ತಂತಿ ಮತ್ತೆ ಎಳ್ದವ್ನೆ. ನನ್ ಮನೆ ದೀಪ ಆರೋದಾದ್ರೆ ಆರ್ಲಿ. ಇನ್ನೊಬ್ರ ಮನೇದ್ ಆರ್ಬಾರ್ದು."

ಹೇಳಿಕೆ ಬರೆಸುತ್ತಿದ್ದ ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ವಕೀಲರು ಇನ್ನೇನೋ ಕೇಳಲು ಹೋಗಿ, ಅಷ್ಟೇ ಸ್ವಾಮಿ ಎಂದು ಕೂತರು. ಯಶೋದಳ ಕಣ್ಣು ತುಂಬಿತ್ತು. ಇಷ್ಟು ದಿನ ತಾನು ಇಲ್ಲಿ ಏನನ್ನು ಕಾಯುತ್ತ ಕೂತಿದ್ದೆ ಎಂದು ಅವಳಿಗೆ ಆವತ್ತು ತಿಳಿಯಿತು.

ಹೊರಗೆ ಬಂದ ಚಿಕ್ಕನಿಂಗಮ್ಮ ಜಗಲಿಯ ಬೆಂಚಿನತ್ತ ಕುಂಟುತ್ತ ನಡೆದಳು. ಯಶೋದ ಅವಳ ತೋಳು ಹಿಡಿದು ಕೂರಿಸಿ ನೀರು ಕೊಟ್ಟಳು. ಅಷ್ಟರಲ್ಲಿ ಪುಟ್ಟಬಸಪ್ಪ ಹೊರಗೆ ಬಂದ. ಯಶೋದಳಿಗೆ ಗಾಬರಿಯಾಯಿತು, ಪೊಲೀಸಿನವರು ಎಲ್ಲಿದ್ದಾರೆಂದು ಸುತ್ತ ನೋಡಿದಳು. ಅವನು ಇವರ ಕಡೆ ಬರಲಿಲ್ಲ. ಕಂಬಕ್ಕೆ ಒರಗಿ ಮನೆಗೆ ಫೋನ್ ಮಾಡಿದ. ಮಾತು ಇವರಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ.

"ಮೊದ್ಲು ಮೋಟ್ರು ಸ್ವಿಚ್ಚು ಆಫ್ ಮಾಡು... ಊ, ಬೇಲೀದೇ... ತಮ್ಮುನ್ನ ಕರ್ಕಂಡು ಓಗಿ ತಂತಿ ಬಿಚ್ಚಾಕು. ಎಲ್ಲಾನೂ. ನಾ ಬರೋಗಂಟ ಕಾಯ್ಬ್ಯಾಡ, ಈಗ್ಲೇ ಬಿಚ್ಚು... ಅಂದಿ ತಿಂದ್ರೆ ತಿನ್ಲಿ ಬುಡು."

ಚಿಕ್ಕನಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ನಿಂತಳು. ಜಗಲಿಯ ಈ ಕೊನೆಯಿಂದಲೇ ಅವನಿಗೆ ಹೇಳಿದಳು:

"ಪುಟ್ಟಬಸಪ್ಪ, ನಾನು ಆಣೆ ಮುರ್ದೆ. ಇನ್ನ ನಿನ್ ಆಣೇನೂ ಇಲ್ಲ. ಉರುಳಿಕಾಳು ಬಿತ್ನೆಗೆ ಒಲ ಉಳಕ್ಕೆ ಬರ್ಬ್ಯಾಡ."

ಅವನು ಫೋನನ್ನು ಜೇಬಿಗಿಳಿಸಿ ಅವಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟೂ ಇತ್ತು, ಅದು ಪೂರಾ ಹೋಗಿರಲಿಲ್ಲ.

"ನಿಂದ ನೀ ಮುರ್ದೆ, ನಂದು ನಂಗೆ ಇರ್ಲಿ" ಎಂದ. "ಒಳಗಾಕಿದ್ರೆ ತಮ್ಮುನ್ನ ಕಳುಸ್ತೀನಿ."

ಪೊಲೀಸಿನವರೊಬ್ಬರನ್ನು ಜೊತೆಗೆ ಕಳಿಸಲಾ ಎಂದು ಯಶೋದ ಕೇಳಿದಳು. ಚಿಕ್ಕನಿಂಗಮ್ಮ ಬೇಡವೆಂದಳು. ಅವಳೂ ಪುಟ್ಟಬಸಪ್ಪನೂ ಮುಂದೆ ಹಿಂದೆ ನಡೆದು ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು. ಅವಳು ಕುಂಟುತ್ತಿದ್ದರಿಂದ ಅವನು ಎರಡು ಸಲ ನಿಂತು ಕಾದ. ರಾಮಾಪುರಕ್ಕೆ ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು.