ಚಿಲಕ ಹಾಕಿದ ಕೋಣೆ

ಮನೆ ನೋಡಲು ಜನ ಬರುವ ಅರ್ಧ ಗಂಟೆ ಮೊದಲು ಬ್ರೋಕರ್ ಜಯಪ್ರಕಾಶ್ ಫೋನ್ ಮಾಡುತ್ತಿದ್ದ. ಕೆಲವೊಮ್ಮೆ ಅಷ್ಟೂ ಸಮಯ ಸಿಗುತ್ತಿರಲಿಲ್ಲ. ಫೋನ್ ಇಟ್ಟ ಕೂಡಲೇ ಕತ್ರೀನಾ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಗಂಡನನ್ನು ಮನೆಯಿಂದ ಹೊರಗೆ ಕಳಿಸುವುದು.

ಡೇವಿಸನಿಗೆ ಐವತ್ತಾರು. ಕಡಬ ಪೇಟೆಯಿಂದ ಒಳಗಿನ ಹಳ್ಳಿಗಳಿಗೆ ಇಪ್ಪತ್ತೆರಡು ವರ್ಷ ಜೀಪು ಓಡಿಸಿದವನು. ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಪುತ್ತೂರಿಗೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕು, ಆಮೇಲೆ ಸವಣೂರು ದಾರಿಯಾಗಿ ಬಸ್ಸಿನಲ್ಲಿ ವಾಪಸು. ಆ ದಾರಿಯ ಒಂದೊಂದು ತಿರುವೂ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಈಗ ಕಣ್ಣು ಮುಚ್ಚಿಕೊಂಡೇ ಬರುತ್ತಿದ್ದ. ಒಂದು ದಿನ ಸವಣೂರು ದಾಟುವಾಗ ಬಿ.ಪಿ. ಇಳಿದು ಬಸ್ಸಿನೊಳಗೇ ಕುಸಿದ. ಕಂಡಕ್ಟರ್ ಅವನನ್ನು ಸೀಟುಗಳ ನಡುವೆ ಮಲಗಿಸಿ ಕಾಲೆತ್ತಿ ಹಿಡಿದ. ಆ ಸಂಜೆ ಗಂಡ ಹೆಂಡತಿ ಈ ಮನೆ ಮಾರಿ ಪುತ್ತೂರಿನ ಆಸ್ಪತ್ರೆಯ ಹತ್ತಿರ ಎಲ್ಲಾದರೂ ಚಿಕ್ಕ ಮನೆ ಮಾಡುವುದೆಂದು ನಿಶ್ಚಯಿಸಿದರು. ಮಗಳು ಅಂಜು ಅಲ್ಲಿಯೇ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

ಕಾಯಿಲೆಯವನು ಕಾಣಬಾರದು ಎಂದವನು ಜಯಪ್ರಕಾಶ್. ಕೆಟ್ಟ ಮನುಷ್ಯನಲ್ಲ. ಮೊದಲು ಬಂದ ಪಾರ್ಟಿಯವರು ಮಂಚದ ಮೇಲಿದ್ದ ಡೇವಿಸನನ್ನು ಕಂಡು, ಉಳಿದ ಕೋಣೆಗಳನ್ನು ನೋಡದೆ ಮರಳಿದ್ದರು. ಅವರನ್ನು ಕಳಿಸಿ ಬಂದ ಜಯಪ್ರಕಾಶ್ ಕುರ್ಚಿ ಎಳೆದುಕೊಂಡು ಕೂತ.

"ಡೇವಿಸಣ್ಣ, ತಪ್ಪು ತಿಳ್ಕೊಳ್ಬೇಡಿ. ಮನೆ ನೋಡ್ಲಿಕ್ಕೆ ಬರುವವರಿಗೆ ಅಲ್ಲಿ ತಮ್ಮ ಮಕ್ಕಳು ಓಡಾಡುದು ಕಾಣ್ಬೇಕು. ಒಬ್ರು ಹುಷಾರಿಲ್ಲದೆ ಮಲಗಿದ್ರೆ ಅದು ಕಾಣುದಿಲ್ಲ."

ಡೇವಿಸ್ ಒಪ್ಪಿಕೊಂಡ. ಜೀಪು ಮಾರುವಾಗ ತಾನೂ ತೊಳೆದು, ಸೀಟಿಗೆ ಹೊಸ ಕವರು ಹಾಕಿಸಿ ನಿಲ್ಲಿಸಿದ್ದೆ ಎಂದು ಹೇಳಿ ನಕ್ಕ.

ಅಲ್ಲಿಂದ ಮುಂದೆ ಅದು ಕತ್ರೀನಾಳಿಗೆ ರೂಢಿಯಾಯಿತು. ಡೇವಿಸನ ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ ನರ ಕಾಣದಿರಲೆಂದು ತುಂಬುತೋಳಿನ ಅಂಗಿ ಹಾಕಿಸಿ, ಬೇಲಿಯಾಚೆಯ ರುಕಿಯಾಳ ಮನೆಗೆ ನಡೆಸಿಕೊಂಡು ಹೋಗಿ ಬಿಡುವಳು. ಓಡಿ ಬಂದು ಹಾಸಿಗೆಯ ಬಟ್ಟೆ ಬದಲಿಸುವಳು. ಮಾತ್ರೆಗಳ ಡಬ್ಬ, ದಿನಕ್ಕೆ ಇಷ್ಟೇ ನೀರು ಎಂದು ಗೆರೆ ಎಳೆದ ಬಾಟಲಿ, ತೂಕ ನೋಡುವ ಯಂತ್ರ, ಎಲ್ಲವೂ ಗೋಣಿಚೀಲದೊಳಗೆ, ಚೀಲ ಸೌದೆಕೊಟ್ಟಿಗೆಯೊಳಗೆ. ಕಿಟಕಿಗಳನ್ನು ತೆರೆದು, ಫಿನಾಯಿಲ್ ಹಾಕಿ ನೆಲ ಒರೆಸಿ, ಆ ವಾಸನೆಯೂ ಆಸ್ಪತ್ರೆಯನ್ನು ನೆನಪಿಸೀತೆಂದು ಒಲೆಯ ಮೇಲೆ ಕಾಫಿ ಕುದಿಯಲು ಇಡುವಳು. ಜನ ಬರುವಾಗ ಹೊಸ ಸೀರೆಯಲ್ಲಿ ಜಗಲಿಯಲ್ಲಿ ನಿಂತಿರುವಳು. ಉಸಿರು ಮಾತ್ರ ಇನ್ನೂ ಏರಿರುತ್ತಿತ್ತು.

ಬಂದವರು ಕಪಾಟು ತೆರೆಯುತ್ತಿದ್ದರು, ನಲ್ಲಿ ತಿರುಗಿಸುತ್ತಿದ್ದರು, ಗೋಡೆಗೆ ಬೆರಳಿನಿಂದ ಬಡಿದು ನೋಡುತ್ತಿದ್ದರು. ಮೂರನೆಯ ಸಲ ಬಂದ ಹೆಂಗಸೊಬ್ಬಳು ಯಜಮಾನರೆಲ್ಲಿ ಎಂದು ಕೇಳಿದಳು. ಕತ್ರೀನಾಳ ಬಾಯಿಗೆ ಥಟ್ಟನೆ ಬಂದದ್ದು, ಸುಬ್ರಹ್ಮಣ್ಯಕ್ಕೆ ಬಾಡಿಗೆ ಹೋಗಿದ್ದಾರೆ, ಜೀಪಿನಲ್ಲಿ ಯಾತ್ರಿಕರಿದ್ದಾರೆ ಎಂಬ ಮಾತು. ಆಮೇಲೆ ಪ್ರತಿ ಸಲವೂ ಅದನ್ನೇ ಹೇಳಿದಳು. ಒಮ್ಮೆ ಅದನ್ನು ಗಂಡನಿಗೆ ತಿಳಿಸಿದಾಗ ಅವನು ನಗಲಿಲ್ಲ. ಎಷ್ಟು ಜನರಂತೆ ಜೀಪಿನಲ್ಲಿ ಎಂದು ಮಾತ್ರ ಕೇಳಿ ಗೋಡೆಯ ಕಡೆಗೆ ಹೊರಳಿದ.

ರುಕಿಯಾ ಅವನಿಗೆ ಅರ್ಧ ಲೋಟ ಚಹಾ ಕೊಟ್ಟು ತನ್ನ ಬೀಡಿ ಕಟ್ಟುವ ಮೊರ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಅವನು ಚಹಾ ಮುಟ್ಟದೆ ಬೇಲಿಯ ದಾಸವಾಳದ ಸಂದಿನಿಂದ ತನ್ನ ಮನೆಯನ್ನೇ ನೋಡುತ್ತಾನೆಂದು ಅವಳೇ ಕತ್ರೀನಾಳಿಗೆ ಹೇಳಿದಳು. ಅಪರಿಚಿತರು ತಾರಸಿಯ ಮೇಲೆ ಓಡಾಡುವಾಗ ಅವನ ತುಟಿ ಅಲುಗುತ್ತದಂತೆ, ಅವರಿಗೆ ಏನೋ ವಿವರಿಸುವವನ ಹಾಗೆ. ಆ ಮನೆಯ ಪಾಯಕ್ಕೆ ಕಲ್ಲು ಹೊತ್ತವನೂ ಅವನೇ, ಸಿಮೆಂಟಿನ ಕ್ಯೂರಿಂಗಿಗೆ ನೀರು ಹಾಕಿದವನೂ ಅವನೇ. ಅದನ್ನು ತೋರಿಸಿಕೊಡಲು ಅವನಿಗಿಂತ ಬೇರೆ ಯಾರೂ ಬೇಕಿರಲಿಲ್ಲ.

ನವೆಂಬರಿನ ಒಂದು ಗುರುವಾರ. ಡಯಾಲಿಸಿಸ್ ಮುಗಿಸಿ ಮನೆ ಸೇರುವಾಗ ಮೂರು ಗಂಟೆ ದಾಟಿತ್ತು. ಆ ದಿನ ಮೈಯಿಂದ ನೀರು ಹೆಚ್ಚು ತೆಗೆದಿದ್ದರು. ಡೇವಿಸ್ ಗೋಡೆ ಹಿಡಿದು ನಡೆದು ಹಾಸಿಗೆಗೆ ಬಿದ್ದ. ಅವಳು ಅವನ ಚಪ್ಪಲಿ ತೆಗೆಯುತ್ತಿರುವಾಗಲೇ ಫೋನ್ ಬಂತು. ಸುಳ್ಯದ ಪಾರ್ಟಿಯೊಂದು ಮದುವೆಗೆಂದು ಕಡಬಕ್ಕೆ ಬಂದಿದೆ, ಈಗ ಪೆಟ್ರೋಲ್ ಪಂಪಿನ ಹತ್ತಿರ ಇದ್ದಾರೆ, ಹತ್ತು ನಿಮಿಷದಲ್ಲಿ ತಲುಪುತ್ತೇವೆ ಎಂದ ಜಯಪ್ರಕಾಶ್. ಇವತ್ತು ಆಗುವುದಿಲ್ಲ ಎಂದಳು ಕತ್ರೀನಾ. ಇವರಿಗೆ ನಿಜವಾಗಿಯೂ ಮನೆ ಬೇಕು, ಮತ್ತೆ ಬರುವವರಲ್ಲ ಎಂದು ಅವನು ಬೇಡಿಕೊಂಡ.

ಅವಳು ಫೋನ್ ಹಿಡಿದು ಬಾಗಿಲಲ್ಲಿ ನಿಂತಳು. ಡೇವಿಸ್ ಕಣ್ಣು ತೆರೆದ. ಮನೆಯೊಳಗೆ ಅವರ ಮಾತು ಮಲಯಾಳದಲ್ಲಿ.

"ಇವತ್ತು ನನ್ನನ್ನು ಎಲ್ಲಿ ತೆಗೆದಿಡ್ತಿ?" ಎಂದು ಕೇಳಿದ.

ಅವನೇ ದಾರಿ ಹೇಳಿದ. ಈ ಕೋಣೆಯ ಬಾಗಿಲು ಹಾಕಿಬಿಡು, ಹಳೆಯ ಸಾಮಾನು ತುಂಬಿದೆ, ಕೀ ಗಂಡನ ಹತ್ತಿರ ಉಂಟು ಅಂತ ಹೇಳು, ನಾನು ಅಲುಗುವುದಿಲ್ಲ. ಯಾರಾದರೂ ದೂಡಿ ನೋಡಿಯಾರು, ಹೊರಗಿನಿಂದ ಚಿಲಕವನ್ನೂ ಹಾಕು ಎಂದ. ಅವಳು ಹಾಕಿದಳು.

ಬಂದವರು ಗಂಡ ಹೆಂಡತಿ ಇಬ್ಬರೇ. ಗಂಡ ಶ್ರೀರಾಮ, ಹೆಂಡತಿ ದಮಯಂತಿ. ಇಬ್ಬರೂ ತಮ್ಮೊಳಗೆ ಸುಳ್ಯದ ಕಡೆಯ ಅರೆಭಾಷೆಯಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತ ನಡೆದರು. ದಮಯಂತಿಗೆ ಅವಸರವಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದಳು, ಬೆಳಗ್ಗಿನ ಬಿಸಿಲು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಚಿಲಕ ಹಾಕಿದ ಬಾಗಿಲ ಮುಂದೆ ನಿಂತಾಗ ಕತ್ರೀನಾ ಗಂಡ ಹೇಳಿಕೊಟ್ಟದ್ದನ್ನೂ ತನ್ನ ಅಭ್ಯಾಸದ ಮಾತನ್ನೂ ಹೇಳಿದಳು. ಹಳೆಯ ಸಾಮಾನು, ಬೀಗದ ಕೀ, ಸುಬ್ರಹ್ಮಣ್ಯ, ಬಾಡಿಗೆ. ಬಾಗಿಲಿಗೆ ಬೀಗವೇ ಇಲ್ಲ, ಬರಿಯ ಚಿಲಕ ಎಂಬುದು ಹೇಳಿ ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು. ದಮಯಂತಿ ಅದನ್ನು ಕಂಡಿರಬೇಕು.

ಆಗ ಒಳಗೆ ಮಂಚ ಕಿರುಗುಟ್ಟಿತು.

ಆ ಸದ್ದು ಏನೆಂದು ಕತ್ರೀನಾಳಿಗೆ ಮಾತ್ರ ಗೊತ್ತು. ನೀರು ಹೆಚ್ಚು ತೆಗೆದ ದಿನ ಡೇವಿಸನ ಮೀನಖಂಡ ಕಲ್ಲಿನಂತೆ ಗಂಟುಕಟ್ಟುತ್ತಿತ್ತು. ಕೂಡಲೇ ಪಾದವನ್ನು ಹಿಂದಕ್ಕೆ ಒತ್ತಿ ಹಿಡಿಯದಿದ್ದರೆ ಜೀಪಿನ ಕೆಳಗೆ ಸಿಕ್ಕಿದವನಂತೆ ಒದ್ದಾಡುವನು. ಮಂಚ ಮತ್ತೊಮ್ಮೆ ಸದ್ದು ಮಾಡಿತು. ಬಾಯಿಗೆ ಬಟ್ಟೆ ತುರುಕಿಕೊಂಡವನ ಗಂಟಲಿನ ಸ್ವರ ಸಣ್ಣಗೆ ಕೇಳಿತು. ಜಯಪ್ರಕಾಶ್ ಗಟ್ಟಿಯಾಗಿ ಕೆಮ್ಮಿ, ಬನ್ನಿ ತಾರಸಿ ನೋಡುವ ಎಂದು ಅವರನ್ನು ಮೆಟ್ಟಿಲಿನತ್ತ ತಿರುಗಿಸಲು ನೋಡಿದ. ಕತ್ರೀನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಮೂರು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತಳು. ಆ ಮೂರು ಉಸಿರಿನ ನಾಚಿಕೆ ಅವಳನ್ನು ಮತ್ತೆಂದೂ ಪೂರ್ತಿಯಾಗಿ ಬಿಡಲಿಲ್ಲ.

ಆಮೇಲೆ ತಿರುಗಿ ಚಿಲಕ ತೆಗೆದಳು.

ಡೇವಿಸ್ ಬೈರಾಸು ಕಚ್ಚಿಕೊಂಡು, ಮಂಚದ ಕಂಬಿ ಹಿಡಿದು ಬಿಗಿದುಕೊಂಡಿದ್ದ. ಅಂಗಿಯಿಲ್ಲದ ಮೈಯಲ್ಲಿ ಬೆವರು ಇಳಿಯುತ್ತಿತ್ತು. ಅವಳು ಮೊಣಕಾಲೂರಿ ಅವನ ಎಡಪಾದವನ್ನು ಎರಡೂ ಅಂಗೈಯಿಂದ ಒತ್ತಿದಳು. ಬಲಗಾಲೂ ಸೆಟೆಯತೊಡಗಿತು. ಎರಡನ್ನೂ ಒಟ್ಟಿಗೆ ಹಿಡಿಯಲು ಅವಳಿಗೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ಬಳೆಯ ಸದ್ದಾಯಿತು. ದಮಯಂತಿ ಮದುವೆಯ ರೇಷ್ಮೆ ಸೀರೆಯಲ್ಲಿಯೇ ನೆಲಕ್ಕೆ ಕೂತು ಆ ಪಾದವನ್ನು ಹಿಡಿದಿದ್ದಳು.

"ಹೇಗೆ ಒತ್ತುದು ಅಂತ ಹೇಳಿ," ಎಂದಳು.

ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಂದಳು ಕತ್ರೀನಾ. ಸ್ನಾಯು ಸಡಿಲವಾಗಲು ಐದಾರು ನಿಮಿಷ ಹಿಡಿಯಿತು.

ಡೇವಿಸ್ ಬಾಯಿಂದ ಬಟ್ಟೆ ತೆಗೆದು, ದಿಂಬಿಗೆ ಒರಗಿ, ಬಾಗಿಲಲ್ಲಿ ನಿಂತಿದ್ದ ಶ್ರೀರಾಮನನ್ನು ನೋಡಿದ.

"ಈ ಮನೆ ನನ್ನದು. ನಾನು ಸುಬ್ರಹ್ಮಣ್ಯಕ್ಕೆ ಹೋಗ್ಲಿಲ್ಲ. ಹೋಗದೆ ಎರಡು ವರ್ಷ ಆಯ್ತು."

ಮತ್ತೆ ಅವನು ಮನೆಯ ವಿಷಯ ಹೇಳತೊಡಗಿದ. ಪಾಯ ಗಟ್ಟಿ ಉಂಟು, ಅದಕ್ಕೆ ಹೆದರುವುದು ಬೇಡ ಎಂದ. ಪಡುವಣ ಗೋಡೆ ಜುಲೈ ತಿಂಗಳಲ್ಲಿ ತೇವ ಎಳೆಯುತ್ತದೆ, ಈಗ ಬಣ್ಣದ ಅಡಿಯಲ್ಲಿ ಕಾಣುವುದಿಲ್ಲ. ಬಾವಿ ಮಾರ್ಚಿ ದಾಟಿದರೆ ದಿನಕ್ಕೆ ಒಂದು ಟ್ಯಾಂಕಿ ಮಾತ್ರ, ಅದೂ ಮೋಟರನ್ನು ಎರಡು ಸಲ ನಿಲ್ಲಿಸಿ ಹಾಕಬೇಕು. ಜಯಪ್ರಕಾಶ್ ನೆಲ ನೋಡುತ್ತ ನಿಂತಿದ್ದ. ಶ್ರೀರಾಮ ಒಳಗೆ ಬಂದು ಕುರ್ಚಿಯಲ್ಲಿ ಕೂತು ಬಾವಿಯ ಆಳ ಕೇಳಿದ. ಇಬ್ಬರೂ ಗಂಡಸರು ಕಾಲು ಗಂಟೆ ಕಲ್ಲು, ನೀರು, ಗೋಡೆ ಎಂದು ಮಾತಾಡಿದರು. ಡೇವಿಸನ ಸ್ವರ ಅಷ್ಟು ದಿನಗಳಲ್ಲಿ ಅಷ್ಟು ಸರಿಯಾಗಿ ಕೇಳಿದ್ದು ಅದೇ ಮೊದಲು.

ಹೊರಡುವಾಗ ದಮಯಂತಿ ಕತ್ರೀನಾಳ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು.

ಅವರು ಹೋದ ಮೇಲೆ ಕತ್ರೀನಾ ಮಂಚದ ಅಂಚಿನಲ್ಲಿ ಕೂತಳು.

"ನಾನು ಹೊರಗಿನಿಂದ ಚಿಲಕ ಹಾಕಿದೆ," ಎಂದಳು.

"ಹಾಕು ಅಂತ ಹೇಳಿದ್ದು ನಾನಲ್ವಾ."

"ಹೇಳಿದ್ರೂ ಹಾಕಬಾರದಿತ್ತು."

ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಅವಳ ಅಳು ಮುಗಿಯುವವರೆಗೆ ತೆಗೆಯಲಿಲ್ಲ.

ಸುಳ್ಯದವರು ಮನೆ ಕೊಳ್ಳಲಿಲ್ಲ. ಬಾವಿ ಆಗಲಿಲ್ಲವಂತೆ ಎಂದು ಮರುದಿನ ಜಯಪ್ರಕಾಶ್ ತಿಳಿಸಿದ. ಕಾರಣ ಅದೇ ಹೌದೋ ಎಂದು ಕತ್ರೀನಾಳಿಗೆ ಸಂಶಯ. ಡೇವಿಸ್ ನಂಬಿದ. ಬಾವಿ ಬೇಡ ಎಂದು ಹೋದರೆ ಅದು ನ್ಯಾಯ, ಅದರಲ್ಲಿ ಬೇಸರಿಸುವುದಕ್ಕೆ ಏನಿದೆ ಎಂದ. ಗೋಣಿಚೀಲ ಸೌದೆಕೊಟ್ಟಿಗೆಗೆ ಹೋಗುವುದು ಅಂದಿಗೆ ನಿಂತಿತು. ಇನ್ನು ಮುಂದೆ ಬರುವವರಿಗೆ ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ಮೊದಲೇ ಹೇಳಿ ಕರೆದುಕೊಂಡು ಬಾ ಎಂದು ಕತ್ರೀನಾ ಜಯಪ್ರಕಾಶನಿಗೆ ಖಡಾಖಂಡಿತ ತಿಳಿಸಿದಳು. ಹಾಗಾದ್ರೆ ತಡ ಆಗ್ತದೆ ಎಂದ ಅವನು. ಆಗಲಿ ಎಂದಳು.

ತಡವೇ ಆಯಿತು. ಫೋನ್ ಬಂದರೆ ಅವಳು ಅಂಗಳ ಗುಡಿಸಿ ನೆಲ ಒರೆಸುತ್ತಿದ್ದಳು, ಅಷ್ಟೇ. ಡೇವಿಸ್ ಅರ್ಧ ತೋಳಿನ ಅಂಗಿಯಲ್ಲಿ ಜಗಲಿಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಎರಡು ಪಾರ್ಟಿಯವರು ಅವನ ತೋಳು ಕಂಡು ಬೇಗ ಬೇಗ ನೋಡಿ ಹೋದರು. ಆ ಸಂಜೆಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಗೋದಾವರಿ ಎಂಬ ಶಾಲಾ ಟೀಚರ್ ಬಂದರು. ಡೇವಿಸನೊಡನೆ ಎರಡು ಸಲ ಸುತ್ತು ಹಾಕಿ, ಪಡುವಣ ಗೋಡೆಗೆ ಏನು ಮಾಡಿಸಬೇಕೆಂದು ಅವನನ್ನೇ ಕೇಳಿ ಬರೆದುಕೊಂಡು ಹೋದರು. ಮುಂದಿನ ವಾರ ಮನೆ ಕೊಳ್ಳುವುದಾಗಿ ಮಾತು ಕೊಟ್ಟರು.

ಈಗ ಅವರು ಪುತ್ತೂರಿನಲ್ಲಿದ್ದಾರೆ. ಮನೆ ತೀರ ಚಿಕ್ಕದು. ಅಂಜು ಅಡುಗೆಮನೆಯಲ್ಲಿ ಮಲಗುತ್ತಾಳೆ. ಆಸ್ಪತ್ರೆ ಹತ್ತು ನಿಮಿಷದ ನಡಿಗೆ. ಡಾಕ್ಟರರು ಹೊಸದಾಗಿ ಯಾವ ಆಸೆಯನ್ನೂ ಕೊಟ್ಟಿಲ್ಲ. ಡಯಾಲಿಸಿಸ್ ಮುಗಿದ ದಿನ ಡೇವಿಸ್ ದಾರಿಯಲ್ಲಿ ಎರಡು ಕಡೆ ಅಂಗಡಿ ಮೆಟ್ಟಿಲ ಮೇಲೆ ಕೂತು, ಸುಧಾರಿಸಿಕೊಂಡು ಮನೆ ಸೇರುತ್ತಾನೆ. ಜೊತೆಗೆ ಕತ್ರೀನಾ ಇರುತ್ತಾಳೆ. ಹೋಗುವವರು ಬರುವವರು ಅವನ ತೋಳನ್ನು ನೋಡುತ್ತಾರೆ. ಇದೇನೆಂದು ಯಾರಾದರೂ ಕೇಳಿದರೆ ಅವನು ಮುಚ್ಚಿಡದೆ ಹೇಳುತ್ತಾನೆ.