ಒಂದು ಊರು ಕಡಿಮೆ

ನಮ್ಮವರಿಗೆ ಬಿ.ಕಾಂ. ಎಂದರೆ ಪದವಿಯಲ್ಲ, ಪೋಲಿಯೊ ಹನಿ. ಮುಂಬೈಯಲ್ಲಿ ಹುಟ್ಟಿದ ಮಗು ಬಾಯಿ ತೆರೆದರೆ ಸಾಕು, ಹಾಕಿಯೇ ಬಿಡುತ್ತಾರೆ. ನನ್ನ ಭಾವ ಕಾಶಿನಾಥ ಬೈಕುಲ್ಲಾದಲ್ಲಿ ಹೋಟೆಲು ನಡೆಸುವವರು. ಮಗಳು ಯಕ್ಷಿತಾ ಹನ್ನೆರಡನೆಯ ಕ್ಲಾಸು ಮುಗಿಸುವ ಮೊದಲೇ ಅವಳ ಬಿ.ಕಾಂ. ನಿಶ್ಚಯವಾಗಿತ್ತು. ಕೇಳಿದವರಿಗೂ ಕೇಳದವರಿಗೂ ಅವರು ಅದನ್ನು ಹೇಳಿ ಮುಗಿಸಿದ್ದರು.

ಯಕ್ಷಿತಾಳಿಗೆ ಬೇಕಾದದ್ದು ಬಾಂದ್ರಾದ ಒಂದು ಕಾಲೇಜಿನಲ್ಲಿ ಟ್ರಾವೆಲ್ ಆಂಡ್ ಟೂರಿಸಂ. ಅವಳ ಮಂಚದ ಮೇಲುಗಡೆ ಗೋಡೆ ತುಂಬ ಪ್ರಪಂಚದ ನಕ್ಷೆ. ಪಾಪದ ಹುಡುಗಿ ಈವರೆಗೆ ಕಂಡ ಪ್ರಪಂಚವೋ, ಪ್ರತಿ ಮೇ ತಿಂಗಳು ಅದೇ ರೈಲು, ಅದೇ ಉಡುಪಿ ಸ್ಟೇಷನ್, ಬ್ರಹ್ಮಾವರದ ಹತ್ತಿರ ಅದೇ ಅಜ್ಜಿಮನೆ.

ಸೋದರಮಾವನಾದ ನನ್ನ ಹತ್ತಿರ ಅವಳು ಉಪಾಯ ಕೇಳಿದಳು. ನಾನು ದೊಡ್ಡ ಬುದ್ಧಿವಂತನಲ್ಲವೇ. "ಇಂಗ್ಲಿಷು, ಹಿಂದಿ ಬಿಡು. ಕನ್ನಡದಲ್ಲಿ ಕೇಳು. ನಿನ್ನ ಅಪ್ಪ ಬೆಣ್ಣೆ ಕರಗಿದ ಹಾಗೆ ಕರಗ್ತಾರೆ" ಎಂದೆ.

ಮರುದಿನ ಅವಳು ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು ನಿಂತು ಶಬ್ದ ಹುಡುಕಿ ಹುಡುಕಿ ಹೇಳಿದಳು: "ಪಪ್ಪಾ, ನನಗೆ ಊರು ನೋಡ್ಬೇಕು. ತೀನ್ ಸಾಲ್... ಮೂರು ವರ್ಷ. ಅದೇ ಕಲೀಬೇಕು."

ಭಾವನ ಕಣ್ಣಲ್ಲಿ ನೀರು ಬಂತು. ಮುಂಬೈಯಲ್ಲಿ ಬೆಳೆದ ಮಗಳಿಗೆ ಊರಿನ ಮೇಲೆ ಇಷ್ಟು ಪ್ರೀತಿ ಇದೆಯೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಸಂಜೆಯೊಳಗೆ ಬ್ರಹ್ಮಾವರದ ಕಡೆಯ ಕಾಲೇಜಿನಲ್ಲಿ ಬಿ.ಕಾಂ. ಸೀಟು, ಅಜ್ಜಿಮನೆಯಲ್ಲಿ ಮಹಡಿಯ ಕೋಣೆ, ಹೋಟೆಲಿಗೆ ಬಂದವರಿಗೆಲ್ಲ ಪುಕ್ಕಟೆ ಶೀರಾ. ಮುಂಬೈಯಲ್ಲಿರುವ ನಮ್ಮ ಊರವರ ಸಂಘದ ಅಧ್ಯಕ್ಷರು ಎರಡು ಸಲ ಶೀರಾ ಹಾಕಿಸಿಕೊಂಡು, ಇಂಥ ಮಗಳು ಸಮಾಜಕ್ಕೇ ಮಾದರಿ ಎಂದು ಭಾಷಣ ಮಾಡಿದರು. ಅವರ ಸ್ವಂತ ಮಗ ಕೆನಡಾದಲ್ಲಿದ್ದಾನೆ.

ಯಕ್ಷಿತಾ ಅತ್ತಳು. "ಈಗ ಬೇಡ ಹೇಳಿದ್ರೆ ಹೇಗೆ? ಶೀರಾ ಹಂಚಿ ಆಯ್ತಲ್ಲ" ಎಂದಳು ನನ್ನ ಅಕ್ಕ ವಿನೋದಿನಿ.

ಕೊನೆಗೆ ನಾನೇ ಬಾಯಿ ಬಿಟ್ಟೆ. "ಭಾವ, ಅವಳು ಹೇಳ್ಬೇಕಿದ್ದದ್ದು ಊರೂರು ನೋಡ್ಬೇಕು ಅಂತ. ಒಂದು ಊರು ಬಿಟ್ಟುಹೋಗಿದೆ."

ಭಾವ ಗಲಿಬಿಲಿಗೊಂಡರು. "ಬೇರೆ ಯಾವ ಊರು ಉಂಟು ಮಾರಾಯ?"

ಅದು ತಮಾಷೆಯಾಗಿರಲಿಲ್ಲ, ನಿಜವಾದ ಪ್ರಶ್ನೆ. ಅವರಿಗೆ ಊರು ಒಂದೇ. ಮುಂಬೈ ಎಂದರೆ ಹೋಟೆಲು ಇರುವ ಜಾಗ. ಎಲಿಫೆಂಟಾ ಗುಹೆಗೆ ಹೇಗೆ ಹೋಗುವುದೆಂದು ಕೇಳಿದ ಗಿರಾಕಿಗಳಿಗೆ ದಾರಿ ಹೇಳಿದ್ದಾರೆಯೇ ಹೊರತು ತಾವು ಒಮ್ಮೆಯೂ ಹೋಗಿಲ್ಲ. ನನಗೆ ನಗು ಬರಲಿಲ್ಲ, ಬೇಸರವಾಯಿತು.

ಭಾನುವಾರ ಯಕ್ಷಿತಾ ಹೇಳಿದಳು: "ಪಪ್ಪಾ, ಗೇಟ್‌ವೇ ಹತ್ತಿರ ಹೊಸ ಹೋಟೆಲು ಆಗಿದೆ. ಸಾಂಬಾರು ಹೇಗೆ ಉಂಟು, ನೋಡುವ." ಹೋಟೆಲಿನವನನ್ನು ಹೊರಡಿಸಲು ಇನ್ನೊಬ್ಬನ ಸಾಂಬಾರೇ ಬೇಕು. ಅಲ್ಲಿಂದ ಭಾವನನ್ನೂ ಜತೆಗೆ ಹೋಗಿದ್ದ ನನ್ನನ್ನೂ ದೋಣಿ ಹತ್ತಿಸಿದಳು. ಎಲಿಫೆಂಟಾದಲ್ಲಿ ಭಾವ ಗುಹೆಗಿಂತ ಹೆಚ್ಚು ಹೊತ್ತು ತಿಂಡಿ ಅಂಗಡಿಗಳನ್ನೇ ನೋಡಿ, ಚಟ್ನಿ ನೀರಾಗಿದೆ ಎಂದು ತೀರ್ಪು ಕೊಟ್ಟರು. ಬರುವಾಗ ದೋಣಿಯಲ್ಲಿ ನಿದ್ದೆ ಹೋದರು. ಎಚ್ಚರವಾದಾಗ ನೀರಿನಾಚೆ, ಮಬ್ಬಿನಲ್ಲಿ, ಉದ್ದಕ್ಕೂ ಕಟ್ಟಡಗಳು ಎದ್ದು ನಿಂತಿದ್ದವು.

"ಅದು ಯಾವ ಊರು? ಚಂದ ಉಂಟಲ್ಲ" ಎಂದರು.

"ನಮ್ಮ ಊರು, ಪಪ್ಪಾ. ಬೈಕುಲ್ಲಾ ಆ ಕಡೆ."

ಭಾವ ಕನ್ನಡಕ ಒರೆಸಿಕೊಂಡು ನೋಡಿದರು. ದಡ ಬರುವವರೆಗೂ ನೋಡುತ್ತಲೇ ಇದ್ದರು.

ಮರುದಿನ ನನಗೆ ಅವರ ಫೋನು. "ಊರಿನ ಸೀಟು ಬೇಡ ಅಂತ ನೀನೇ ಎಲ್ಲರಿಗೂ ಹೇಳು. ಸೋದರಮಾವ ಅಲ್ವಾ ನೀನು?"

"ಮತ್ತೆ ಶೀರಾ ಎಂತಕ್ಕೆ ಹಂಚಿದ್ದು ಅಂತ ಅಧ್ಯಕ್ಷರು ಕೇಳಿದ್ರೆ?"

"ಮಗಳು ಊರೂರು ನೋಡ್ತಾಳೆ, ಅದಕ್ಕೆ ಅಂತ ಹೇಳು" ಎಂದರು ಭಾವ. "ಊರು ಎರಡು ಸಲ ಹೇಳು ಮಾರಾಯ. ಮರೀಬೇಡ."